ಬೆಳಕಿನ ಕಸುಬಿನವರ ಸಮ್ಮೇಳನ

ಕಸುಬುಗಳಲ್ಲಿ ಕೆಲವು ಕೂಡಿ ಮಾಡುವಂಥವು, ಕೆಲವು ಒಂಟಿಯಾಗಿ ಮಾಡುವಂಥವು. ಮಗ್ಗದ ಮುಂದೆ ಒಬ್ಬರು ಕುಳಿತರೆ ಕಂಡಿಕೆ ಸುತ್ತಲು ಮನೆಯಲ್ಲಿ ಇನ್ನೊಬ್ಬರಿರುತ್ತಾರೆ. ಛಾಯಾಗ್ರಹಣವೂ ಒಂದು ಕಾಲಕ್ಕೆ ಈ ಮೊದಲನೆಯ ವರ್ಗಕ್ಕೇ ಸೇರಿತ್ತು. ಊರಿನ ಸ್ಟುಡಿಯೋದಲ್ಲಿ ಹಿರಿಯನೊಬ್ಬನು ಕ್ಯಾಮರಾದ ಹಿಂದೆ ನಿಂತರೆ, ಕತ್ತಲೆಕೋಣೆಯಲ್ಲಿ ಡೆವಲಪರ್ ಬೆರೆಸಲು, ಹೈಪೋದಿಂದ ತೆಗೆದ ಪ್ರಿಂಟುಗಳನ್ನು ತೊಳೆಯಲು, ನೆಗೆಟಿವಿನ ಮೇಲೆ ಸಣ್ಣ ಪೆನ್ಸಿಲಿನಿಂದ ತಿದ್ದಲು ಹುಡುಗರಿರುತ್ತಿದ್ದರು. ಕೆಂಪು ದೀಪದ ಕೆಳಗೆ ಬೈಗುಳ ತಿನ್ನುತ್ತಲೇ ಅವರು ವಿದ್ಯೆ ಕಲಿಯುತ್ತಿದ್ದರು. ಯಾವ ಚಿತ್ರ ಒಳ್ಳೆಯದು, ಯಾವುದು ಕೆಟ್ಟದ್ದು, ಯಾವ ಗಿರಾಕಿಗೆ ಏನು ಹೇಳಬೇಕು, ಎಷ್ಟು ಕೇಳಬೇಕು ಎಂಬುದೆಲ್ಲ ಅಲ್ಲಿಯೇ ಕಿವಿಗೆ ಬೀಳುತ್ತಿತ್ತು.

ಆ ಕೆಂಪು ದೀಪ ಈಗ ಆರಿದೆ. ಫಿಲ್ಮು ಈ ವೃತ್ತಿಯಿಂದ ಬಹುಮಟ್ಟಿಗೆ ಮರೆಯಾಗಿ, ಸಾಲ ಮಾಡಿಯಾದರೂ ಒಂದು ಕ್ಯಾಮರಾ ಕೊಂಡ ತರುಣನು ಮರುದಿನವೇ ವೃತ್ತಿಯವನಾಗುತ್ತಾನೆ. ಅವನಿಗೆ ಯಜಮಾನನಿಲ್ಲ, ಆದ್ದರಿಂದ ಬೈಯುವವರೂ ಇಲ್ಲ, ತಿದ್ದುವವರೂ ಇಲ್ಲ. ಹೊಗಳುವವರು ಮಾತ್ರ ಬೇಕಾದಷ್ಟು ಮಂದಿ. ಇಂಥ ಹೊಸಬನಿಗೆ ತನ್ನ ಕಸುಬಿನವರನ್ನು ಒಂದೇ ಕಡೆ ನೋಡುವ ಅವಕಾಶವನ್ನು ಒದಗಿಸುವುದು ಛಾಯಾಗ್ರಾಹಕರ ಸಮ್ಮೇಳನ. ಅಲ್ಲಿ ಅವನು ಏನನ್ನು ನೋಡಬೇಕು, ಏನನ್ನು ಕೊಳ್ಳಬೇಕು, ಏನನ್ನು ಕೇಳಬೇಕು ಎಂಬುದು ವಿಚಾರ ಮಾಡತಕ್ಕ ಸಂಗತಿ.

ಈ ಬಗೆಯ ಕೂಟಗಳ ಚರಿತ್ರೆ ಛಾಯಾಗ್ರಹಣದ ಚರಿತ್ರೆಯಷ್ಟೇ ಹಳೆಯದು. 1839ರ ಆಗಸ್ಟ್ 19ರಂದು ಪ್ಯಾರಿಸಿನಲ್ಲಿ ವಿಜ್ಞಾನ ಹಾಗೂ ಲಲಿತಕಲೆಗಳ ಅಕಾಡೆಮಿಗಳ ಕೂಡುಸಭೆಯಲ್ಲಿ ಅರಾಗೋ ಎಂಬ ವಿಜ್ಞಾನಿಯು ಡಾಗೇರನ ವಿಧಾನವನ್ನು ಲೋಕಕ್ಕೆ ವಿವರಿಸಿದನು. ಸಭೆ ಮುಗಿದದ್ದೇ ತಡ, ಕೇಳಿದ ಜನ ಮಸೂರ ಮಾರುವ ಅಂಗಡಿಗಳಿಗೆ ಮುತ್ತಿಗೆ ಹಾಕಿದರಂತೆ. ಉಪನ್ಯಾಸದ ಬೆನ್ನಿಗೇ ವ್ಯಾಪಾರ ಅಂದಿನಿಂದಲೂ ಬಂದಿದೆ. ಆದರೆ ವೃತ್ತಿಯವರು ಒಂದುಗೂಡಿದ್ದು ಕಲೆಯ ಕಾರಣಕ್ಕಲ್ಲ, ಹೊಟ್ಟೆಯ ಕಾರಣಕ್ಕೆ. ಅಮೆರಿಕದಲ್ಲಿ ಕಟಿಂಗ್ ಎಂಬಾತನು ಕೊಲೋಡಿಯನ್ನಿಗೆ ಬ್ರೋಮೈಡ್ ಸೇರಿಸುವ ಕ್ರಮಕ್ಕೆ 1854ರಲ್ಲಿ ಪೇಟೆಂಟ್ ಪಡೆದಿದ್ದನು. ಆ ಕ್ರಮವನ್ನು ಬಳಸುವ ಸ್ಟುಡಿಯೋದವರೆಲ್ಲ ಅದಕ್ಕೆ ಕಪ್ಪ ತೆರಬೇಕಾಗಿತ್ತು. 1868ರಲ್ಲಿ ಅದರ ಅವಧಿಯನ್ನು ಮುಂದುವರಿಸುವ ಯತ್ನ ನಡೆದಾಗ ಛಾಯಾಗ್ರಾಹಕರು ಒಟ್ಟಾಗಿ ವಿರೋಧಿಸಿ ಗೆದ್ದರು. ಆ ಹೋರಾಟದಿಂದಲೇ ಅವರ ರಾಷ್ಟ್ರೀಯ ಸಂಘ ಹುಟ್ಟಿತು. ಒಬ್ಬೊಬ್ಬರಾಗಿ ಹಣ ತೆತ್ತವರು ಕೂಡಿ ನಿಂತಾಗ ತೆರುವುದು ತಪ್ಪಿತು. ಸಮ್ಮೇಳನವೆಂಬುದರ ಮೂಲಾರ್ಥ ಇದೇ ಅಲ್ಲವೆ?

ಇಂದಿನ ಸಮ್ಮೇಳನವೊಂದರ ಬಾಗಿಲಲ್ಲಿ ಹೊಸಬನನ್ನು ಮೊದಲು ಎದುರುಗೊಳ್ಳುವುದು ಬಜಾರು. ಬೆಂಗಳೂರಿನಲ್ಲಿ ನಡೆಯುವ ಇಂಥ ಮೇಳಗಳಲ್ಲಿ ತಾಲ್ಲೂಕು ಊರುಗಳಿಂದ ರಾತ್ರಿ ಬಸ್ಸು ಹಿಡಿದು ಬಂದ ತರುಣರು ಬೆಳಗಿನಿಂದಲೇ ಮಳಿಗೆಗಳ ಮುಂದೆ ನೆರೆದಿರುತ್ತಾರೆ. ಕ್ಯಾಮರಾ, ಲೆನ್ಸು, ಹಾರುವ ಡ್ರೋನು, ಚರ್ಮದ ಹೊದಿಕೆಯ ಆಲ್ಬಮ್ಮು, ಮುದ್ರಿಸುವ ಯಂತ್ರ ಎಲ್ಲವೂ ಅಲ್ಲಿ ಥಳಥಳಿಸುತ್ತಿರುತ್ತವೆ. ಕಂತಿನ ಮೇಲೆ ಕೊಡಲು ಸಿದ್ಧರಾದವರೂ ಪಕ್ಕದಲ್ಲಿಯೇ ಕುಳಿತಿರುತ್ತಾರೆ. ಇದನ್ನು ಹಳಿಯಬೇಕಾದ ಕಾರಣವಿಲ್ಲ. ಜರ್ಮನಿಯ ಕೊಲೋನ್ ನಗರದಲ್ಲಿ 1950ರಲ್ಲಿ ಆರಂಭವಾಗಿ 2018ರವರೆಗೆ ನಡೆದ ಫೋಟೋಕಿನಾ ಮೇಳವೂ ಯಂತ್ರಗಳ ಸಂತೆಯೇ ಆಗಿತ್ತು. ಆದರೆ ಎಲ್. ಫ್ರಿಟ್ಸ್ ಗ್ರೂಬರ್ ಎಂಬ ರಸಿಕನು ಆ ಸಂತೆಯ ಮಗ್ಗುಲಲ್ಲಿಯೇ ಶ್ರೇಷ್ಠ ಛಾಯಾಚಿತ್ರಗಳ ಪ್ರದರ್ಶನಗಳನ್ನು ಏರ್ಪಡಿಸಿದನು. ಯಂತ್ರವನ್ನು ನೋಡಿದ ಕಣ್ಣು ಆ ಯಂತ್ರವು ಯಾವುದಕ್ಕಾಗಿ ಎಂಬುದನ್ನೂ ನೋಡಲಿ ಎಂಬುದು ಅದರ ಫಲ. ಗೋಡೆಯ ಮೇಲೆ ಚಿತ್ರಗಳಿಲ್ಲದ ಮೇಳವು ಹೊಸಬನ ಕೈಯನ್ನು ತುಂಬೀತೇ ಹೊರತು ಕಣ್ಣನ್ನು ತುಂಬಲಾರದು.

ಎರಡನೆಯದು ವೇದಿಕೆ. ಹೆಸರಾಂತ ಛಾಯಾಗ್ರಾಹಕರೊಬ್ಬರು ಮದುವಣಗಿತ್ತಿಯ ವೇಷದ ರೂಪದರ್ಶಿಯನ್ನು ನಿಲ್ಲಿಸಿ ದೀಪಗಳನ್ನು ಹೊಂದಿಸಿ ತೋರಿಸುತ್ತಾರೆ. ಸಭಿಕರಲ್ಲಿ ಅನೇಕರು ಎದ್ದು ಬಂದು ಅದೇ ಹೆಣ್ಣುಮಗಳ, ಅದೇ ಬೆಳಕಿನ, ಅದೇ ಭಂಗಿಯ ಚಿತ್ರವನ್ನು ತಾವೂ ತೆಗೆದುಕೊಳ್ಳುತ್ತಾರೆ. ಆ ಚಿತ್ರದಿಂದ ಅವರಿಗೆ ಆಗುವ ಲಾಭ ಅಲ್ಪ. ಸುಮ್ಮನೆ ಕುಳಿತು ನೆರಳನ್ನು ನೋಡಿದವನಿಗೇ ಲಾಭ ಹೆಚ್ಚು. ದೀಪವನ್ನು ಮುಖದ ಹತ್ತಿರಕ್ಕೆ ತಂದಷ್ಟೂ ನೆರಳಿನ ಅಂಚು ಮೃದುವಾಗುತ್ತದೆ, ದೂರಕ್ಕೆ ಒಯ್ದಷ್ಟೂ ಗಡುಸಾಗುತ್ತದೆ. ಸೂರ್ಯನು ಎಷ್ಟು ದೊಡ್ಡವನಾದರೂ ದೂರದಲ್ಲಿರುವುದರಿಂದ ಅವನ ನೆರಳು ಗಡುಸು. ಪಡಸಾಲೆಯ ಕಿಟಕಿ ಚಿಕ್ಕದಾದರೂ ಹತ್ತಿರವಿರುವುದರಿಂದ ಅದರ ಬೆಳಕು ಮೃದು. ಇನ್ನು ದೀಪದಿಂದ ಎರಡು ಮೀಟರು ದೂರದಲ್ಲಿ ಬೀಳುವ ಬೆಳಕು ನಾಲ್ಕು ಮೀಟರಿನಲ್ಲಿ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಮದುವೆಯ ಗುಂಪುಚಿತ್ರದಲ್ಲಿ ಮುಂದೆ ಕುಳಿತ ಅಜ್ಜಿಯ ಮುಖ ಸುಣ್ಣ ಬಳಿದಂತಾಗಿ, ಹಿಂದೆ ನಿಂತವರು ಕತ್ತಲೆಯಲ್ಲಿ ಮುಳುಗುವುದು ಈ ಲೆಕ್ಕ ತಿಳಿಯದ್ದರಿಂದಲೇ. ಈ ಎರಡು ಸಂಗತಿಗಳಿಗೆ ಯಾವ ಮಳಿಗೆಯಲ್ಲಿಯೂ ಬೆಲೆ ಕೊಡಬೇಕಾಗಿಲ್ಲ.

ಮೂರನೆಯದು ಯಾರ ಕಣ್ಣಿಗೂ ಸುಲಭವಾಗಿ ಬೀಳದ ಒಂದು ಮೇಜು. ಹಿರಿಯರೊಬ್ಬರು ಅಲ್ಲಿ ಕುಳಿತು ಕಿರಿಯರು ತಂದ ಚಿತ್ರಗಳನ್ನು ನೋಡಿ ಅಭಿಪ್ರಾಯ ಹೇಳುತ್ತಾರೆ. ಅಂಥದೊಂದು ಮೇಜಿನ ಬಳಿ ನಾನು ಕೇಳಿದ ಮಾತುಗಳು ನೆನಪಿನಲ್ಲಿ ಉಳಿದಿವೆ. ಇಪ್ಪತ್ತೆರಡು ಇಪ್ಪತ್ತಮೂರರ ತರುಣನೊಬ್ಬನು ತಾನು ತೆಗೆದ ಮದುವೆಯ ಚಿತ್ರಗಳನ್ನು ಹರಡಿ ನಿಂತಿದ್ದನು. ಹಿರಿಯರು ಒಂದನ್ನು ಕೈಗೆತ್ತಿಕೊಂಡರು.

“ಇವರು ಯಾರಪ್ಪಾ?”

“ಹುಡುಗಿಯ ಸೋದರಮಾವ, ಸಾರ್. ಮಂಟಪಕ್ಕೆ ಕರೆದುಕೊಂಡು ಬರುತ್ತಿದ್ದಾರೆ.”

“ಹುಡುಗಿಯ ಮುಖ ಚೆನ್ನಾಗಿ ಬಂದಿದೆ. ಸೀರೆಯ ಜರಿಯೂ ಬಂದಿದೆ. ಮಾವನ ಕೈ ಎಲ್ಲಿ?”

ತರುಣನು ಬಗ್ಗಿ ನೋಡಿದನು. ಕೈ ಚೌಕಟ್ಟಿನ ಹೊರಗೆ ಉಳಿದಿತ್ತು.

“ಕರೆದುಕೊಂಡು ಬರುವುದು ಆ ಕೈ ತಾನೆ? ಅದಿಲ್ಲದ ಮೇಲೆ ಇದು ಸೀರೆಯ ಚಿತ್ರವಾಯಿತು.”

ಹಾಗೆಯೇ ತಿರುವುತ್ತ ಹೋಗಿ ಎಲ್ಲಕ್ಕಿಂತ ಅಡಿಯಲ್ಲಿದ್ದ ಒಂದನ್ನು ಎಳೆದರು. ಧಾರೆ ಮುಗಿದ ಮೇಲೆ ಹುಡುಗಿಯ ತಂದೆ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಒಬ್ಬರೇ ನಿಂತ ಚಿತ್ರ ಅದು.

“ಅದು ಆಲ್ಬಮ್ಮಿಗೆ ಹೋಗಲಿಲ್ಲ, ಸಾರ್. ಸ್ವಲ್ಪ ಕತ್ತಲೆಯಾಗಿದೆ.”

“ಆಗಲಿ. ಇಪ್ಪತ್ತು ವರ್ಷದ ಮೇಲೆ ಆ ಮನೆಯವರು ಹುಡುಕುವುದು ಇದನ್ನೇ. ಮದುವೆಗೆ ಎಷ್ಟು ತೆಗೆದುಕೊಂಡೆ?”

ತರುಣನು ಹೇಳಿದ ಮೊತ್ತವನ್ನು ಅವರು ಒಂದು ಚೀಟಿಯ ಮೇಲೆ ಬರೆದರು. ಅದರ ಕೆಳಗೆ ಕ್ಯಾಮರಾದ ಕಂತು, ಜೊತೆಗೆ ಬಂದ ಹುಡುಗನ ಕೂಲಿ, ಆಲ್ಬಮ್ಮಿನ ಖರ್ಚು, ಪ್ರಯಾಣ ಇವನ್ನೆಲ್ಲ ಬರೆದು ಕಳೆದರು. ಎರಡು ದಿನದ ಮದುವೆ, ಕಂಪ್ಯೂಟರಿನ ಮುಂದೆ ಎಂಟು ದಿನ. ಉಳಿದ ಹಣವನ್ನು ಹತ್ತರಿಂದ ಭಾಗಿಸಿದರು. ಬಂದದ್ದು ಆ ಸಹಾಯಕ ಹುಡುಗನ ದಿನಗೂಲಿಗಿಂತಲೂ ಕಡಿಮೆ. ಚೀಟಿಯನ್ನು ಮಡಿಚಿ ತರುಣನ ಕಿಸೆಗೆ ಹಾಕಿದ ಹಿರಿಯರು ಹೆಚ್ಚು ಮಾತನಾಡಲಿಲ್ಲ.

ಚಿತ್ರವನ್ನು ಎದುರಿಗಿಟ್ಟು ನಿರ್ದಾಕ್ಷಿಣ್ಯವಾಗಿ ವಿಮರ್ಶಿಸುವ ಈ ಪದ್ಧತಿ ಬೆಂಗಳೂರಿಗೆ ಹೊಸದಲ್ಲ. 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟವು ಸ್ಥಾಪನೆಯಾದಾಗ ಅದರ ಹಿಂದಿನ ಚೇತನವಾಗಿದ್ದವರು ಇದೇ ನಗರದ ಡಾ. ಜಿ. ಥಾಮಸ್. ವನ್ಯಜೀವಿಗಳ ಚಿತ್ರಗಳಿಂದ ಜಗತ್ತಿಗೆ ಪರಿಚಿತರಾದ ಟಿ. ಎನ್. ಎ. ಪೆರುಮಾಳರು ಓ. ಸಿ. ಎಡ್ವರ್ಡ್ಸರನ್ನು ಗುರುವೆಂದು ಭಾವಿಸಿದವರು. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯೂ ಇದೇ ಹಾದಿಯಲ್ಲಿ ಬಂದದ್ದು. ಆದರೆ ಸಲೂನುಗಳ ಈ ಪರಂಪರೆ ಬಹುಮಟ್ಟಿಗೆ ಹವ್ಯಾಸಿಗಳದು. ಅಲ್ಲಿ ಚಿತ್ರದ ಗುಣದೋಷಗಳ ಮಾತು ಉಂಟು, ಚಿತ್ರದಿಂದ ಬದುಕುವ ಮಾತು ಇಲ್ಲ. ವೃತ್ತಿಯವರ ಮೇಳಗಳಲ್ಲಿ ದುಡ್ಡಿನ ಮಾತು ಬೇಕಾದಷ್ಟು ಉಂಟು, ಗುಣದೋಷಗಳ ಮಾತು ವಿರಳ. ಆ ಮೇಜಿನ ಬಳಿ ಎರಡೂ ಕೂಡಿದ್ದವು. ಅದೇ ಅದರ ಮಹತ್ವ.

ಹೊಸಬನು ಕೇಳಿ ತಿಳಿಯಬೇಕಾದ ಇನ್ನೊಂದು ಸಂಗತಿಯುಂಟು, ಅದು ಕಾನೂನಿನದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಒಬ್ಬರ ಕೋರಿಕೆಯ ಮೇಲೆ ಹಣ ಪಡೆದು ತೆಗೆದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟವರೇ ಮೊದಲ ಒಡೆಯರು. ಹಾಗೆ ಅಲ್ಲದೆ ತಾನೇ ಸ್ವಂತಕ್ಕಾಗಿ ತೆಗೆದ ಚಿತ್ರದ ಸ್ವಾಮ್ಯ ತೆಗೆದವನದು. 2012ರ ತಿದ್ದುಪಡಿಯಾದ ಮೇಲೆ ಅದು ಅವನ ಜೀವಮಾನವೆಲ್ಲ ಇದ್ದು, ಅನಂತರ 60 ವರ್ಷ ಅವನ ವಾರಸುದಾರರಿಗೆ ಸಲ್ಲುತ್ತದೆ. ಚಿತ್ರಕಾರನ ವರ್ಣಚಿತ್ರಕ್ಕೆ ಇರುವ ಅವಧಿಯೇ ಛಾಯಾಚಿತ್ರಕ್ಕೂ ದೊರಕಿತು. ಮದುವೆಯ ಮನೆಯ ಚಿತ್ರವನ್ನು ತನ್ನ ಅಂಗಡಿಯ ಮುಂದೆ ತೂಗುಹಾಕುವ ಮೊದಲು ಎರಡು ಸಾಲಿನ ಒಪ್ಪಿಗೆಯನ್ನು ಬರೆಸಿಕೊಳ್ಳಬೇಕೆಂಬುದನ್ನು ಕ್ಯಾಮರಾ ಮಾರುವವನು ಹೇಳುವುದಿಲ್ಲ. ಇಂಥ ಉಪನ್ಯಾಸವೇನಾದರೂ ಇದ್ದರೆ ಅದನ್ನು ಸಾಮಾನ್ಯವಾಗಿ ಕೊನೆಗೆ, ಕುರ್ಚಿಗಳು ಖಾಲಿಯಾಗುವ ಹೊತ್ತಿಗೆ, ಇಟ್ಟಿರುತ್ತಾರೆ. ಹೊಸಬನು ಆಗಲೂ ಎದ್ದುಹೋಗದಿರುವುದು ಲೇಸು.

ಹೀಗಿರುವಾಗ ಸಮ್ಮೇಳನಕ್ಕೆ ಹೊರಡುವ ತರುಣನು ಹಣದ ಚೀಲಕ್ಕಿಂತ ಮೊದಲು ಹತ್ತು ಪ್ರಿಂಟುಗಳನ್ನು ಕಟ್ಟಿಕೊಳ್ಳಲಿ. ಫೋನಿನ ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಕಾಗದ ಮುಚ್ಚಿಡುವುದಿಲ್ಲ. ಮಳಿಗೆಗಳಿಗೆ ಎರಡನೆಯ ದಿನ ಹೋಗಲಿ, ಮೇಜಿನ ಬಳಿಗೆ ಮೊದಲನೆಯ ದಿನ. ಊಟದ ಸಾಲಿನಲ್ಲಿ ಪಕ್ಕದಲ್ಲಿ ನಿಂತವನ ಊರು ಯಾವುದೆಂದು ಕೇಳಲಿ. ಪಕ್ಕದ ತಾಲ್ಲೂಕಿನವನಾದರೆ ಅವನನ್ನು ಪ್ರತಿಸ್ಪರ್ಧಿಯೆಂದು ಬಗೆಯದಿರಲಿ. ಕಟ್ಟಡದ ಚಿತ್ರ ಇಂದು ಕೆಟ್ಟರೆ ನಾಳೆ ತೆಗೆಯಬಹುದು. ಮದುವೆಯ ಮನೆಯಲ್ಲಿ ಆ ಸೌಕರ್ಯವಿಲ್ಲ. ಛಾಯಾಗ್ರಾಹಕನಿಗೆ ಜ್ವರ ಬಂತೆಂದು ಮುಹೂರ್ತ ನಿಲ್ಲುವುದಿಲ್ಲ. ಅಂಥ ಒಂದು ಬೆಳಗಿನ ಜಾವ ಫೋನು ಮಾಡಿದರೆ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಹೊರಟು ಬರುವ ಒಬ್ಬ ಗೆಳೆಯನನ್ನು ಸಂಪಾದಿಸಿಕೊಂಡು ಬಂದವನು, ಹೊಸ ಲೆನ್ಸನ್ನು ಕೊಳ್ಳದೆಯೇ ಊರಿಗೆ ಮರಳಿದರೂ, ನಷ್ಟಪಟ್ಟವನಲ್ಲ.