ಮುಕ್ಕಾಲಿನ ಲೆಕ್ಕ

ಕಳೆದ ಮಳೆಗಾಲದಲ್ಲಿ ಮೊಮ್ಮಗಳಿಗೆ ಜ್ವರ ಬಂದಾಗ, ಅರ್ಧ ಮಾತ್ರೆಯಂತೆ ದಿನಕ್ಕೆ ಮೂರು ಬಾರಿ, ಐದು ದಿನ ಕೊಡಬೇಕೆಂದು ವೈದ್ಯರು ಬರೆದುಕೊಟ್ಟರು. ಐದನೆಯ ತರಗತಿಯಲ್ಲಿ ಓದುತ್ತಿರುವ ಅವಳ ಅಣ್ಣನನ್ನು ಕರೆದು, ಎಷ್ಟು ಮಾತ್ರೆ ತರಬೇಕೆಂದು ಕೇಳಿದೆ. ಅವನು ಹದಿನೈದನ್ನು ಅರ್ಧದಿಂದ ಗುಣಿಸಲು ಹೊರಟು, ಮೇಲಿನ ಒಂದನ್ನೂ ಕೆಳಗಿನ ಎರಡನ್ನೂ ಹದಿನೈದರಿಂದ ಗುಣಿಸಿ, ಮೂವತ್ತರಲ್ಲಿ ಹದಿನೈದು ಎಂದು ಬರೆದು, ಸಂಕ್ಷೇಪಿಸಿ, "ಅರ್ಧ ಮಾತ್ರೆ ಸಾಕು, ಅಜ್ಜಾ" ಎಂದನು.

ಇದನ್ನು ದಡ್ಡತನವೆಂದು ನಾನು ಒಪ್ಪಲಾರೆ. ಕಣ್ಣಿಗೆ ಯಾವ ಚಿತ್ರವೂ ಇಲ್ಲದೆ ಕೇವಲ ನಿಯಮವನ್ನು ಕಲಿತ ಮಗು ಆ ನಿಯಮವನ್ನು ಎಲ್ಲಿ ಬೇಕಾದರೂ ಪ್ರಯೋಗಿಸುತ್ತದೆ.

ಆದ್ದರಿಂದ ಮಾತ್ರೆಯನ್ನು ಬದಿಗಿಟ್ಟು ದೋಸೆಯನ್ನು ಹಿಡಿದೆವು. ಮೂವರು ಮಕ್ಕಳಿಗೆ ತಲಾ ಮುಕ್ಕಾಲು ದೋಸೆ ಬೇಕು. ಮೂರು ವೃತ್ತಗಳನ್ನು ಬರೆದು, ಒಂದೊಂದನ್ನೂ ನಾಲ್ಕು ಸಮಭಾಗ ಮಾಡಿ, ಮೂರು ಮೂರು ಭಾಗಗಳಿಗೆ ಬಣ್ಣ ಹಚ್ಚಬೇಕು. ಬಣ್ಣದ ತುಂಡುಗಳನ್ನು ಎಣಿಸಿದರೆ ಒಂಬತ್ತು ಕಾಲು. ನಾಲ್ಕು ನಾಲ್ಕು ಕೂಡಿಸಿದರೆ ಎರಡು ಪೂರ್ಣ ದೋಸೆ, ಮೇಲೊಂದು ಕಾಲು. ಇಲ್ಲಿ ಹೆಚ್ಚಿದ್ದು ತುಂಡುಗಳ ಸಂಖ್ಯೆಯೇ ಹೊರತು ತುಂಡಿನ ಹೆಸರಲ್ಲ. ಕೆಳಗಿನ ನಾಲ್ಕು ಆ ಹೆಸರು. ಅದನ್ನು ಗುಣಿಸಿದರೆ ಹನ್ನೆರಡರಲ್ಲಿ ಒಂಬತ್ತು, ಎಂದರೆ ಮತ್ತೆ ಮುಕ್ಕಾಲೇ. ಮೂವರಿಗೂ ಕೂಡಿ ಒಬ್ಬನ ಪಾಲು! ಚಿತ್ರದ ಮುಂದೆ ಈ ತಪ್ಪು ನಿಲ್ಲುವುದಿಲ್ಲ.

ನಮ್ಮ ಭಾಷೆ ಈ ಗುಣಾಕಾರವನ್ನು ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡಿದೆ. ಮುಕ್ಕಾಲು ಎಂದರೆ ಮೂರು ಕಾಲು. ಮುಂಬಯಿಯ ನಮ್ಮ ಮಕ್ಕಳು ಶಾಲೆಯಲ್ಲಿ 'ತ್ರೀ ಬೈ ಫೋರ್' ಎನ್ನುವಾಗ ಒಂದರ ಮೇಲೊಂದು ಕುಳಿತ ಎರಡು ಬೇರೆ ಸಂಖ್ಯೆಗಳನ್ನಷ್ಟೇ ಕಾಣುತ್ತಾರೆ. ತರಕಾರಿಯವಳ ಮರಾಠಿ 'ಪಾವೂಣ್' ಇನ್ನೊಂದು ಚೆಲುವಾದ ದಾರಿ ತೋರಿಸುತ್ತದೆ: ಅದು ಪಾದೋನ, ಒಂದಕ್ಕೆ ಕಾಲು ಕಡಿಮೆ. ಹನ್ನೆರಡು ಹುಣಿಸೆ ಬೀಜಗಳನ್ನು ನಾಲ್ಕು ಗುಂಪು ಮಾಡಿ ಮೂರು ಗುಂಪುಗಳನ್ನು ಎತ್ತಿಕೊಂಡರೆ ಕನ್ನಡದ ಲೆಕ್ಕ. ಒಂದು ಗುಂಪನ್ನು ಸರಿಸಿಬಿಟ್ಟರೆ ಮರಾಠಿಯದು. ಎರಡರಲ್ಲಿಯೂ ಒಂಬತ್ತೇ. ಗುಣಿಸಿದರೆ ಸಂಖ್ಯೆ ಯಾವಾಗಲೂ ಬೆಳೆಯುತ್ತದೆಂಬ ಮಕ್ಕಳ ಭ್ರಮೆಯೂ ಇಲ್ಲಿಯೇ ಕಳಚುತ್ತದೆ.

ಹಿಂದೆ ಕಾಲು, ಅರ್ಧ, ಮುಕ್ಕಾಲುಗಳಿಗೂ ಮಗ್ಗಿಗಳಿದ್ದವು. ಮರಾಠಿ ಶಾಲೆಗಳಲ್ಲಿ ಪಾವಕಿ, ನಿಮಕಿ ಎನ್ನುತ್ತಿದ್ದರು. ರೂಪಾಯಿಗೆ ಹದಿನಾರಾಣೆಯಿದ್ದ ಕಾಲಕ್ಕೆ ಅವು ಬೇಕೇ ಬೇಕಾಗಿದ್ದವು. 1957ರಲ್ಲಿ ನೂರು ಪೈಸೆಯ ರೂಪಾಯಿ ಬಂದ ಮೇಲೆ ಅವುಗಳ ಅಗತ್ಯ ಕುಗ್ಗಿತು. ನಾನೂ ಅವನ್ನು ಬಾಯಿಪಾಠ ಮಾಡಿದವನೇ. ಅರ್ಥವಾಗಿತ್ತೆಂದು ಮಾತ್ರ ಹೇಳಲಾರೆ.

ಒಂದು ಎಚ್ಚರಿಕೆ. ವೃತ್ತವು ಅರ್ಧಕ್ಕೂ ಕಾಲಿಗೂ ಸರಿ. ಅದನ್ನು ಮೂರು ಅಥವಾ ಐದು ಸಮಭಾಗ ಮಾಡುವುದು ಎಳೆಯ ಕೈಗೆ ಕಷ್ಟ, ಭಾಗಗಳು ಅಸಮವಾದರೆ ಪಾಠವೇ ಕೆಡುತ್ತದೆ. ಅಲ್ಲಿ ಕಾಗದದ ಪಟ್ಟಿಯೇ ಲೇಸು. ಹದಿನೈದು ಸೆಂಟಿಮೀಟರಿನ ಪಟ್ಟಿ ಮೂರಕ್ಕೂ ಐದಕ್ಕೂ ಒದಗುತ್ತದೆ. ಮೂರು ಭಾಗ ಮಾಡಿದ ಪಟ್ಟಿಯಲ್ಲಿ ಎರಡು ಭಾಗ ಕತ್ತರಿಸಿ, ಅಂಥ ನಾಲ್ಕು ತುಂಡುಗಳನ್ನು ಉದ್ದಕ್ಕೆ ಜೋಡಿಸಿದರೆ ಎರಡು ಪೂರ್ಣ ಪಟ್ಟಿ ದಾಟಿ ಮೂರನೆಯದರ ಮೂರರಲ್ಲಿ ಎರಡು ಭಾಗದವರೆಗೆ ಬರುತ್ತದೆ.

ಹುಡುಗ ಆ ಸಂಜೆ ಹದಿನೈದು ಅರ್ಧವೃತ್ತಗಳನ್ನು ಬರೆದು ಜೋಡಿ ಮಾಡಿದನು. ಏಳು ಜೋಡಿ, ಒಂದು ಒಂಟಿ. "ಏಳೂವರೆ ಬೇಕು, ಎಂಟು ತನ್ನಿ ಅಜ್ಜಾ" ಎಂದನು. ಅಂಗಡಿಯವರು ಹತ್ತರ ಪಟ್ಟಿಯನ್ನು ಕತ್ತರಿಸಲು ಒಪ್ಪಲಿಲ್ಲ. ಎಷ್ಟು ಉಳಿಯುತ್ತದೆಂಬುದನ್ನು ನಾನು ಮನೆ ಮುಟ್ಟುವ ಮೊದಲೇ ಅವನು ಬರೆದಿಟ್ಟಿದ್ದನು.