ಬಿಗಿದು ಕೂತ ಸ್ಕ್ರೂ

ಚಂದ್ರಗಿರಿ ಹೊಳೆ ಕಡಲನ್ನು ಸೇರುವ ಅಳಿವೆಯ ಬಳಿ ಸಂಜೆ ಹೊತ್ತು ಹೋದರೆ ಗಾಳ ಹಾಕಿ ನಿಂತವರನ್ನು ಕಾಣಬಹುದು. ಕೆಲವರ ಕೈಯಲ್ಲಿ ಬರೀ ನೈಲಾನ್ ದಾರ ಮತ್ತು ಗಾಳ. ಇನ್ನು ಕೆಲವರ ಕೈಯಲ್ಲಿ ಉದ್ದನೆಯ ಕೋಲು. ಕೋಲಿನ ಬುಡದ ಕಡೆ ಒಂದು ರೀಲು ಇರುತ್ತದೆ. ಅದರ ಹಿಡಿಕೆಯನ್ನು ತಿರುಗಿಸಿದರೆ ದೂರಕ್ಕೆ ಎಸೆದ ದಾರ ಸರಸರನೆ ಸುತ್ತಿಕೊಂಡು ಬರುತ್ತದೆ.

ನಮ್ಮ ಮಾವನ ಬಳಿಯೂ ಅಂಥದೊಂದು ರೀಲು ಇತ್ತು. ಜಪಾನಿನಲ್ಲಿ ತಯಾರಾದದ್ದು. ದುಬಾಯಿಯಲ್ಲಿ ಕೆಲಸಕ್ಕಿದ್ದ ದೊಡ್ಡ ಮಾವ ತಂದುಕೊಟ್ಟಿದ್ದರು. ದೊಡ್ಡ ಮಾವ ತೀರಿಕೊಂಡ ಮೇಲೆ ಆ ರೀಲನ್ನು ಮುಟ್ಟಲು ಮಾವ ಯಾರನ್ನೂ ಬಿಡುತ್ತಿರಲಿಲ್ಲ.

ಒಂದು ಮಳೆಗಾಲ ಕಳೆದು ರೀಲನ್ನು ಹೊರಗೆ ತೆಗೆದಾಗ ಹಿಡಿಕೆ ತಿರುಗಲೇ ಇಲ್ಲ. "ಒಳಗೆ ಉಪ್ಪು ಹಿಡಿದಿರಬೇಕು, ಬಿಚ್ಚಿ ನೋಡಬೇಕು" ಎಂದು ಮಾವ ಅದನ್ನು ಜಗಲಿಯಲ್ಲಿಟ್ಟು ಪೇಟೆಗೆ ಹೋದರು. ಆಗ ನಾನು ಐದನೇ ತರಗತಿಯಲ್ಲಿದ್ದೆ. ರೀಲಿನ ಬದಿಯ ಮುಚ್ಚಳಕ್ಕೆ ಇದ್ದದ್ದು ನಾಲ್ಕೇ ಸ್ಕ್ರೂ. ಮಾವ ಬರುವುದರೊಳಗೆ ಬಿಚ್ಚಿಟ್ಟರೆ ಅವರಿಗೆ ಖುಷಿಯಾದೀತು ಎಂದುಕೊಂಡೆ. ಮೊದಲು ಸ್ವಲ್ಪ ತೆಂಗಿನೆಣ್ಣೆ ಸುರಿದೆ. ಆಮೇಲೆ ಕೈಗೆ ಸಿಕ್ಕಿದ ಸ್ಕ್ರೂ ಡ್ರೈವರ್ ಇಟ್ಟು ಬಲವಾಗಿ ತಿರುಗಿಸಿದೆ. ಸ್ಕ್ರೂ ಅಲುಗಲಿಲ್ಲ. ಡ್ರೈವರ್ ಮಾತ್ರ ಟಕ್ಕೆಂದು ಹಾರಿತು. ಮತ್ತೆ ತಿರುಗಿಸಿದೆ, ಮತ್ತೆ ಹಾರಿತು. ನಾಲ್ಕೈದು ಸಲ ಹೀಗಾದ ಮೇಲೆ ನೋಡಿದರೆ ಸ್ಕ್ರೂವಿನ ತಲೆಯ ಮೇಲಿದ್ದ ಕೂಡಿಸುವ ಚಿಹ್ನೆಯಂಥ ಗುಳಿ ಸವೆದು ದುಂಡಗಾಗಿತ್ತು. ಇನ್ನೊಂದರದ್ದೂ ಅರ್ಧ ಹೋಗಿತ್ತು.

ಮಾವ ಬಂದು ನೋಡಿದರು. "ಎಂತ ಮಾಡಿದೆ ಮಾರಾಯ ನೀನು?" ಎಂದರು. ಬೇರೇನೂ ಹೇಳಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತು.

ಮರುದಿನ ನಾವಿಬ್ಬರೂ ದೋಣಿಗಳ ಇಂಜಿನು ರಿಪೇರಿ ಮಾಡುವ ಮೇಸ್ತ್ರಿಯ ಬಳಿಗೆ ಹೋದೆವು. ಉಪ್ಪುನೀರಿನಲ್ಲಿ ಬಿಗಿದ ಸ್ಕ್ರೂಗಳೊಂದಿಗೆ ದಿನವೂ ಗುದ್ದಾಡುವವರು ಅವರು. ರೀಲನ್ನು ಬೆಳಕಿಗೆ ಹಿಡಿದು, ಸ್ಕ್ರೂವಿನ ಸುತ್ತ ಇದ್ದ ಬಿಳಿ ಹುಡಿಯನ್ನು ಉಗುರಿನಿಂದ ಕೆರೆದು ತೋರಿಸಿದರು.

"ಇದೇ ಕಳ್ಳ" ಎಂದರು.

ಆ ಬಿಳಿ ಹುಡಿ ಎಲ್ಲಿಂದ ಬಂತು? ರೀಲಿನ ಮೈ ಅಲ್ಯುಮಿನಿಯಂ. ಸ್ಕ್ರೂ ಉಕ್ಕಿನದು. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದು, ನಡುವೆ ಉಪ್ಪುನೀರು ಸೇರಿದರೆ ಅಲ್ಲಿ ಒಂದು ಪುಟ್ಟ ವಿದ್ಯುತ್ಕೋಶವೇ ತಯಾರಾಗುತ್ತದೆ. ಟಾರ್ಚಿನ ಸೆಲ್ಲಿನಲ್ಲಿ ಸತುವು ಸವೆಯುವಂತೆ ಇಲ್ಲಿ ಅಲ್ಯುಮಿನಿಯಂ ಸವೆಯುತ್ತದೆ. ಸವೆದ ಅಲ್ಯುಮಿನಿಯಂ ಬಿಳಿ ಹುಡಿಯಾಗುತ್ತದೆ. ಮೊದಲಿನ ಲೋಹಕ್ಕಿಂತ ಈ ಹುಡಿಗೆ ಹೆಚ್ಚು ಜಾಗ ಬೇಕು. ಆದ್ದರಿಂದ ಅದು ಸ್ಕ್ರೂವಿನ ಸುರುಳಿ ಗೆರೆಗಳ ನಡುವೆ ಬೆಣೆ ಹೊಡೆದಂತೆ ತುಂಬಿಕೊಳ್ಳುತ್ತದೆ. ಯಾರೂ ಬಿಗಿ ಮಾಡದಿದ್ದರೂ ಸ್ಕ್ರೂ ತಾನಾಗಿ ಬಿಗಿಯುತ್ತದೆ.

"ತೆಂಗಿನೆಣ್ಣೆ ಹಾಕಿದ್ದು ಯಾರು?" ಮೇಸ್ತ್ರಿ ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ನಕ್ಕರು. ತೆಂಗಿನೆಣ್ಣೆ ಮಂದ. ಕೂದಲೆಳೆಯಷ್ಟು ಸಣ್ಣ ಸಂದಿಗೆ ಅದು ಸುಲಭವಾಗಿ ಇಳಿಯದು. ತೆಳುವಾದ ಎಣ್ಣೆ ಬೇಕು. ದೀಪದ ಬತ್ತಿಯಲ್ಲಿ ಎಣ್ಣೆ ಏರುತ್ತದಲ್ಲ, ಹಾಗೆಯೇ ತೆಳು ಎಣ್ಣೆ ಸುರುಳಿ ಗೆರೆಗಳ ಸಂದಿಯಲ್ಲಿ ತಾನೇ ಹರಿದುಕೊಂಡು ಹೋಗುತ್ತದೆ. ಆದರೆ ಅದಕ್ಕೆ ಸಮಯ ಕೊಡಬೇಕು. ಮೇಸ್ತ್ರಿ ಪ್ರತಿ ಸ್ಕ್ರೂವಿಗೂ ತುಕ್ಕು ಬಿಡಿಸುವ ಎಣ್ಣೆಯ ಒಂದೊಂದು ಹನಿ ಬಿಟ್ಟು, "ನಾಳೆ ಬನ್ನಿ" ಎಂದು ಕಳುಹಿಸಿದರು. ಎಣ್ಣೆ ಹಾಕಿದ ಕೂಡಲೇ ತಿರುಗಿಸಲು ಹೋಗುವವರೇ ಹೆಚ್ಚು. ಕೆಟ್ಟುಹೋಗುವ ಸ್ಕ್ರೂಗಳೂ ಅವರವೇ.

ಮರುದಿನ ಅವರು ಮೊದಲು ಮಾಡಿದ್ದು ಡ್ರೈವರ್ ಆರಿಸುವ ಕೆಲಸ. ಹತ್ತು ಹನ್ನೆರಡು ಡ್ರೈವರುಗಳನ್ನು ಒಂದೊಂದಾಗಿ ಇಟ್ಟು ನೋಡಿದರು. ನನಗೆ ಎಲ್ಲವೂ ಒಂದೇ ತರ ಕಂಡವು. ಆದರೆ ಅವು ಒಂದೇ ಅಲ್ಲ.

ನಾಲ್ಕು ಮೂಲೆಯ ಗುಳಿ ಇರುವ ಈ ಸ್ಕ್ರೂವಿಗೆ ಫಿಲಿಪ್ಸ್ ಸ್ಕ್ರೂ ಎಂದು ಹೆಸರು. ಅಮೆರಿಕದ ಹೆನ್ರಿ ಫಿಲಿಪ್ಸ್ ಎಂಬವರು 1936ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಇದರ ಗುಳಿಯ ಗೋಡೆಗಳು ಸ್ವಲ್ಪ ಇಳಿಜಾರು. ಆದ್ದರಿಂದ ಜೋರಾಗಿ ತಿರುಗಿಸಿದಾಗ ಡ್ರೈವರ್ ಆ ಇಳಿಜಾರನ್ನು ಹತ್ತಿ ಮೇಲೆ ಹಾರುತ್ತದೆ. ಜಪಾನಿನ ಸ್ಕ್ರೂ ನೋಡಲು ಹೀಗೆಯೇ ಇದ್ದರೂ ಅದರ ಗುಳಿಯ ಅಳತೆ ತುಸು ಬೇರೆ. ಕೆಲವದರ ತಲೆಯ ಮೇಲೆ ಸಾಸಿವೆಗಿಂತ ಚಿಕ್ಕದಾದ ಒಂದು ಚುಕ್ಕಿ ಇರುತ್ತದೆ. ಅಂಥ ಸ್ಕ್ರೂವಿಗೆ ಫಿಲಿಪ್ಸ್ ಡ್ರೈವರ್ ಇಟ್ಟರೆ ತುದಿ ತಳದವರೆಗೆ ಇಳಿಯುವುದಿಲ್ಲ. ಅರ್ಧದಲ್ಲೇ ನಿಂತು, ತಿರುಗಿಸಿದೊಡನೆ ಗುಳಿಯ ಅಂಚನ್ನು ಕೆರೆದು ಹಾರುತ್ತದೆ. ನನ್ನ ಕೈಯಲ್ಲಿ ಆದದ್ದು ಇದೇ. ಮಾವನ ರೀಲಿನ ಸ್ಕ್ರೂಗಳಲ್ಲಿ ಆ ಚುಕ್ಕಿ ಇತ್ತು!

ಸರಿಯಾದ ಡ್ರೈವರ್ ಸಿಕ್ಕಿತು. ಮೇಸ್ತ್ರಿ ಅದನ್ನು ಸ್ಕ್ರೂವಿನ ಮೇಲೆ ನೇರವಾಗಿ ನಿಲ್ಲಿಸಿ, ಹಿಂದಿನಿಂದ ಚಿಕ್ಕ ಸುತ್ತಿಗೆಯಲ್ಲಿ ಎರಡು ಸಲ ಮೆಲ್ಲಗೆ ತಟ್ಟಿದರು. ತಟ್ಟಿದಾಗ ಒಳಗಿನ ಹುಡಿಯ ಹಿಡಿತ ಸಡಿಲುತ್ತದೆ. ಆಮೇಲೆ ಮೈಭಾರವನ್ನೆಲ್ಲ ಡ್ರೈವರಿನ ಮೇಲೆ ಹಾಕಿ, ನಿಧಾನವಾಗಿ ಎಡಕ್ಕೆ ತಿರುಗಿಸಿದರು. ಒತ್ತುವ ಬಲ ಹೆಚ್ಚು, ತಿರುಗಿಸುವ ಬಲ ಕಡಿಮೆ. ನಾನು ಇದನ್ನೇ ತಿರುವುಮುರುವಾಗಿ ಮಾಡಿದ್ದೆ. ಸ್ಕ್ರೂ 'ಕಟ್' ಎಂದು ಶಬ್ದ ಮಾಡಿತು. ಅದನ್ನು ಒಮ್ಮೆಲೇ ಬಿಚ್ಚದೆ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸುತ್ತ ಹೊರತೆಗೆದರು. ಎರಡನೆಯದೂ ಹಾಗೆಯೇ ಬಂತು. ಅಂದ ಹಾಗೆ, ಎಲ್ಲವೂ ಎಡಕ್ಕೇ ಬಿಚ್ಚುತ್ತವೆ ಎಂದು ತಿಳಿಯಬೇಡಿ. ಸೈಕಲಿನ ಎಡ ಪೆಡಲು ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಕೆಲವು ರೀಲುಗಳ ಹಿಡಿಕೆಯೂ ಹಾಗೆಯೇ.

ಮೂರನೆಯದು ಅರ್ಧ ಸವೆದದ್ದು. ಗುಳಿಯ ಮೇಲೆ ಸೈಕಲ್ ಟ್ಯೂಬಿನ ರಬ್ಬರ್ ತುಂಡನ್ನಿಟ್ಟು ತಿರುಗಿಸಿದರೆ ಹಿಡಿತ ಸಿಗುತ್ತದೆ ಎಂದು ಮಾವ ಹೇಳಿದರು. ಸವೆದಿದ್ದರೂ ಬಿಗಿಯದ ಸ್ಕ್ರೂವಿಗೆ ಆ ಉಪಾಯ ಸಾಕಾಗಬಹುದು. ಬಿಗಿದದ್ದಕ್ಕೆ ಪ್ರಯೋಜನವಿಲ್ಲ, ರಬ್ಬರೇ ಹರಿಯುತ್ತದೆ. ಮೇಸ್ತ್ರಿ ಗುಳಿಯ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ, ಇಂಜಿನಿನ ವಾಲ್ವ್ ತಿಕ್ಕಲು ಬಳಸುವ ಪೇಸ್ಟನ್ನು ಕಡ್ಡಿಯಲ್ಲಿ ತೆಗೆದು ಹಚ್ಚಿದರು. ಅದರಲ್ಲಿ ಗಟ್ಟಿಯಾದ ಮರಳಿನಂಥ ಹುಡಿ ಇರುತ್ತದೆ. ಹುಡಿ ಲೋಹವನ್ನು ಕಚ್ಚಿಕೊಂಡು ಡ್ರೈವರ್ ಜಾರದಂತೆ ತಡೆಯುತ್ತದೆ. ಆದರೂ ಸ್ಕ್ರೂ ಬರಲಿಲ್ಲ. ಆಗ ಅವರು ಕಾದ ಸೋಲ್ಡರಿಂಗ್ ಐರನಿನ ತುದಿಯನ್ನು ಸ್ಕ್ರೂವಿನ ತಲೆಗೆ ಒಂದು ನಿಮಿಷ ತಾಗಿಸಿ ಹಿಡಿದರು. ಕಾದಾಗ ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಸ್ಕ್ರೂವೂ ಅದರ ಸುತ್ತಲಿನ ಲೋಹವೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿ ಕುಗ್ಗುವಾಗ ನಡುವಿನ ಹುಡಿ ಒಡೆಯುತ್ತದೆ. ಬೆಂಕಿಯ ಜ್ವಾಲೆ ಮಾತ್ರ ತೋರಿಸಬಾರದು. ರೀಲಿನೊಳಗೆ ಪ್ಲಾಸ್ಟಿಕ್ ಭಾಗಗಳೂ ಗ್ರೀಸೂ ಇರುತ್ತವೆ. ಆರಿದ ಮೇಲೆ ಮತ್ತೆ ಪೇಸ್ಟು, ಮತ್ತೆ ಒತ್ತು. ಈ ಸಲ ಬಂತು.

ನಾಲ್ಕನೆಯದು ಯಾವ ಉಪಾಯಕ್ಕೂ ಬಗ್ಗಲಿಲ್ಲ. ಅದರ ಗುಳಿಯನ್ನು ನಾನು ಪೂರ್ತಿ ಕೆಡಿಸಿದ್ದೆ. ಮೇಸ್ತ್ರಿ ಕನ್ನಡಕ ಹಾಕಿಕೊಂಡು, ನನ್ನನ್ನು ದೂರ ನಿಲ್ಲಿಸಿ, ಡ್ರಿಲ್ಲಿನಿಂದ ಅದರ ತಲೆಯನ್ನಷ್ಟೇ ಕೊರೆದು ತೆಗೆದರು. ಮಾವ ಅಷ್ಟು ಹೊತ್ತೂ ಉಸಿರು ಬಿಗಿಹಿಡಿದು ನಿಂತಿದ್ದರು. ಡ್ರಿಲ್ಲು ಸ್ವಲ್ಪ ಜಾರಿದರೂ ರೀಲಿನ ಮೈಗೇ ತೂತು ಬೀಳುತ್ತಿತ್ತು. ತಲೆ ಹೋದ ಮೇಲೆ ಮುಚ್ಚಳ ಎದ್ದು ಬಂತು. ಕೆಳಗೆ ಉಳಿದಿದ್ದ ಸ್ಕ್ರೂವಿನ ಮೋಟನ್ನು ಇಕ್ಕಳದಿಂದ ಹಿಡಿದು ತಿರುಗಿಸಿದರೆ, ಏನಾಶ್ಚರ್ಯ, ಅದು ಸಲೀಸಾಗಿ ಬಂದುಬಿಟ್ಟಿತು.

ಒಳಗೆ ಗ್ರೀಸು ಒಣಗಿ ಗಟ್ಟಿಯಾಗಿತ್ತು. ಅದನ್ನು ತೊಳೆದು, ಬಿಚ್ಚಿದ ಭಾಗಗಳನ್ನು ಮಾವ ಕಾಗದದ ಮೇಲೆ ಸಾಲಾಗಿ ಇಟ್ಟರು. ಜೋಡಿಸುವಾಗ ಮೇಸ್ತ್ರಿ ಪ್ರತಿ ಸ್ಕ್ರೂವಿನ ಗೆರೆಗಳಿಗೂ ತೆಳ್ಳಗೆ ಗ್ರೀಸು ಹಚ್ಚಿದರು. ಗ್ರೀಸು ಇದ್ದರೆ ಉಪ್ಪುನೀರು ಎರಡು ಲೋಹಗಳ ನಡುವೆ ಸೇರುವುದು ಕಷ್ಟ. ಕಡಲಿನಿಂದ ಬಂದ ದಿನವೇ ರೀಲಿನ ಹೊರಮೈಗೆ ಸಿಹಿನೀರು ಚಿಮುಕಿಸಿ ಒರೆಸಬೇಕೆಂದೂ ಹೇಳಿದರು. ಆ ಕೆಲಸವನ್ನು ಮಾವ ನನಗೆ ವಹಿಸಿದರು.

ನಾಲ್ಕನೆಯ ಸ್ಕ್ರೂ ಹೊಸದು. ಉಳಿದ ಮೂರಕ್ಕಿಂತ ಅದು ಈಗಲೂ ಸ್ವಲ್ಪ ಹೆಚ್ಚು ಹೊಳೆಯುತ್ತದೆ.