ಅವರವರ ಅಳತೆಗೆ ತಕ್ಕ ನೆರವು

ಅಕ್ಕಂದಿರೇ, ಒಂದೇ ಅಳತೆಯ ರವಿಕೆ ಊರಿನವರಿಗೆಲ್ಲ ಆಗುತ್ತದೆಯೇ? ಆಗೋದಿಲ್ಲ. ಮೊದಲು ಅಳತೆ, ಆಮೇಲೆ ಕತ್ತರಿ. ಕಷ್ಟದಲ್ಲಿ ಇರುವವರಿಗೆ ನೆರವು ಕೊಡುವುದೂ ಹಾಗೆಯೇ.

ಇಬ್ಬರು ಹೆಂಗಸರು ಇದ್ದಾರೆ ಅಂದುಕೊಳ್ಳಿ. ಇಬ್ಬರಿಗೂ ಗಂಡನ ಹೊಡೆತ. ಒಬ್ಬಾಕೆಯ ಕೈ ಮುರಿದಿದೆ. ರಾತ್ರಿ ಮಲಗಲು ಜಾಗವಿಲ್ಲ. ಅವಳಿಗೆ ಮೊದಲು ಆಸ್ಪತ್ರೆ ಬೇಕು, ತಂಗಲು ಜಾಗ ಬೇಕು. ಇನ್ನೊಬ್ಬಾಕೆ, "ಮಕ್ಕಳ ಶಾಲೆ ಇಲ್ಲೇ ಇದೆ. ನಾನ್ಯಾಕೆ ಮನೆ ಬಿಡಲಿ? ಹೊಡೆಯೋದು ನಿಲ್ಲಲಿ" ಅನ್ನುತ್ತಾಳೆ. ಅವಳಿಗೆ ಕೋರ್ಟಿನ ಆದೇಶ ಬೇಕು. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯಿದೆಯಲ್ಲಿ ಇದಕ್ಕೆ ದಾರಿ ಇದೆ. ಹೊಡೆಯಬಾರದು, ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕಬಾರದು ಎಂದು ಕೋರ್ಟು ಆದೇಶ ಮಾಡಬಹುದು.

ಕಷ್ಟ ಒಂದೇ. ಬೇಕಾದ ನೆರವು ಬೇರೆ ಬೇರೆ.

ಆಸ್ಪತ್ರೆಗೆ ಒಂದು ಕಡೆ, ಪೊಲೀಸರಿಗೆ ಒಂದು ಕಡೆ, ವಕೀಲರಿಗೆ ಇನ್ನೊಂದು ಕಡೆ ಅಲೆಯಬೇಕು. ಹೋದಲ್ಲೆಲ್ಲ ಅದೇ ಕತೆ ಹೇಳಿ ಅಳಬೇಕು. ಈ ಅಲೆದಾಟ ತಪ್ಪಿಸಲು 2015ರಲ್ಲಿ ಕೇಂದ್ರ ಸರ್ಕಾರ ‘ಸಖಿ’ ಕೇಂದ್ರಗಳ ಯೋಜನೆ ತಂದಿತು. ಸಖಿ ಅಂದರೆ ಗೆಳತಿ. ಅಲ್ಲಿ 5 ಬಗೆಯ ನೆರವು ಸಿಗುತ್ತದೆ:

1. ಚಿಕಿತ್ಸೆ
2. ಪೊಲೀಸ್ ನೆರವು
3. ಕಾನೂನು ಸಲಹೆ
4. ಸಮಾಧಾನದ ಮಾತು, ತಿಳಿವಳಿಕೆ
5. ಕೆಲವು ದಿನ ತಂಗಲು ಜಾಗ

ಅಲ್ಲಿ ‘ಕೇಸ್ ವರ್ಕರ್’ ಇರುತ್ತಾರೆ. ಅವರು ನಿಮ್ಮ ಮಾತು ಕೇಳಿ ಬರೆದುಕೊಳ್ಳುತ್ತಾರೆ. ನಿಮಗೆ ಮೊದಲು ಏನು ಬೇಕು, ಆಮೇಲೆ ಏನು ಬೇಕು ಎಂದು ನಿಮ್ಮ ಜೊತೆ ಕೂತು ಯೋಚಿಸಬೇಕು. ಕಳಿಸಿ ಕೈ ತೊಳೆದುಕೊಳ್ಳಬಾರದು. ನೆರವು ಸಿಕ್ಕಿತೇ ಎಂದು ಆಮೇಲೂ ವಿಚಾರಿಸಬೇಕು. ಅದೇ ಅವರ ಕೆಲಸ.

ಆದರೆ ನಿಮ್ಮ ಬಾಳಿನ ತೀರ್ಮಾನ ನಿಮ್ಮದೇ. ಹೊಡೆದವನ ಜೊತೆ ರಾಜಿ ಆಗು ಎಂದು ಯಾರೂ ಒತ್ತಾಯ ಮಾಡಬಾರದು.

ಅಕ್ಕ, ನೀವೀಗ ಓದಲು ಕಲಿತಿದ್ದೀರಿ. "ಇಲ್ಲಿ ಸಹಿ ಹಾಕಮ್ಮ" ಅಂದ ಕೂಡಲೇ ಹಾಕಬೇಡಿ. ಓದಿ ನೋಡಿ. ನೀವು ಹೇಳಿದ್ದೇ ಅಲ್ಲಿದೆಯೇ? ನ್ಯಾಯ ಬೇಕು ಅಂದಿರಿ, ಕಾಗದದಲ್ಲಿ ‘ರಾಜಿ ಆದೆ’ ಎಂದಿದ್ದರೆ? ತಿಳಿಯದಿದ್ದರೆ ಓದಿ ಹೇಳಲು ಕೇಳಿ. ಈ ಕಾಯಿದೆಯಲ್ಲಿ ಕೋರ್ಟು ಮಾಡಿದ ಆದೇಶದ ನಕಲು ದುಡ್ಡಿಲ್ಲದೆ ಸಿಗುತ್ತದೆ. ಅದನ್ನು ಜೋಪಾನ ಮಾಡಿ.

ಸಖಿ ಕೇಂದ್ರ ಎಲ್ಲಿದೆ ಗೊತ್ತಿಲ್ಲವೇ? ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಹಗಲಾಗಲಿ, ರಾತ್ರಿಯಾಗಲಿ, ಮಾಡಬಹುದು. ಜೀವಕ್ಕೆ ಅಪಾಯ ಇದ್ದರೆ 112.

ಈ ಎರಡು ಸಂಖ್ಯೆಗಳನ್ನು ನಿಮ್ಮ ಕೈಯಾರೆ ಬರೆದಿಡಿ. ಪಕ್ಕದ ಮನೆಯ ಅಕ್ಕನಿಗೂ ಬರೆದು ಕೊಡಿ.